ಇದ್ದಷ್ಟೇ ಅಳತೆ

ಹೊರನಾಡಿನಲ್ಲಿ ನೆಲೆಸಿದವರಿಗೆ ಹುಟ್ಟೂರು ವರ್ಷದಿಂದ ವರ್ಷಕ್ಕೆ ದೊಡ್ಡದಾಗುತ್ತ ಹೋಗುತ್ತದೆ. ಮನೆಯ ಕಂಬಗಳು ದಪ್ಪವಾಗುತ್ತವೆ, ಬಾವಿ ಆಳವಾಗುತ್ತದೆ, ಊರಿನ ಮಾವಿನಹಣ್ಣಿನ ರುಚಿಯಂತೂ ಹೇಳುವುದೇ ಬೇಡ. ಬದಲಾಪುರದ ಎರಡು ಕೋಣೆಯ ಮನೆಯಲ್ಲಿ ಕುಳಿತು ನಾವು ಕಮಲಾಪುರದ ಬಳಿಯ ನಮ್ಮ ಮನೆಯನ್ನು ಮಗನಿಗೆ ವರ್ಣಿಸುತ್ತಿದ್ದುದು ಹೀಗೆಯೇ. ಮೂರಂಕಣವಿದ್ದದ್ದು ಮೊದಲು ಐದಾಯಿತು, ಆಮೇಲೆ ಏಳಾಯಿತು. ತಡೆಯಲು ಸಾಕ್ಷಿಯೂ ಇರಲಿಲ್ಲ. ೨೦೦೫ರ ಜುಲೈ ೨೬ರ ಮಹಾಮಳೆಯಲ್ಲಿ ಉಲ್ಲಾಸ ನದಿ ಉಕ್ಕಿ ನೆಲಮಹಡಿಗೆ ನೀರು ನುಗ್ಗಿದಾಗ ಆಲ್ಬಮ್ಮಿನ ಪುಟಗಳೆಲ್ಲ ಒಂದಕ್ಕೊಂದು ಅಂಟಿ ಹೋಳಿಗೆಯ ಹಿಟ್ಟಿನಂತಾಗಿದ್ದವು. ಮಗ ಹುಟ್ಟಿದ್ದೇ ಅದಾದ ಮೇಲೆ.

೨೦೧೮ರ ದಸರೆಯ ರಜೆಯಲ್ಲಿ ಕಲ್ಯಾಣದಲ್ಲಿ ಗದಗ ರೈಲು ಹತ್ತಿ ಅವನನ್ನು ಊರಿಗೆ ಕರೆದೊಯ್ದೆವು. ಪಡಸಾಲೆಯಲ್ಲಿ ನಿಂತು ಸುತ್ತ ನೋಡಿ ಅವನು ಕೇಳಿದ ಮೊದಲ ಮಾತು: “ಇಷ್ಟೇನಾ ಅಪ್ಪಾ?”

ತಮಾಷೆಗೆ ಕೇಳಿದ್ದಲ್ಲ, ನಿಜವಾಗಿ ಹುಡುಕುತ್ತಿದ್ದ. ಮೊಬೈಲಿನಲ್ಲಿ ಚಿತ್ರ ತೆಗೆದು ಎರಡು ಬೆರಳಿನಿಂದ ಹಿಗ್ಗಿಸಿ ನೋಡಿದ. ಮನೆ ದೊಡ್ಡದಾಗಲಿಲ್ಲ, ಚುಕ್ಕೆಚುಕ್ಕೆಯಾಯಿತು. ಹಿಂದಿರುಗುವಾಗ ಅವನೂ ಮಾತಾಡಲಿಲ್ಲ, ನಾವೂ ಮಾತಾಡಲಿಲ್ಲ. ಸುಳ್ಳು ಹೇಳಿದೆವೇ ಎಂದು ನಮ್ಮನ್ನೇ ಕೇಳಿಕೊಂಡೆವು. ಪ್ರೀತಿಯಿಂದ ಹಿಗ್ಗಿಸಿದ್ದು ಸುಳ್ಳಾಗುತ್ತದೆಯೇ?

ಈ ಪ್ರಶ್ನೆಗೆ ನಮಗೆ ಪಾಠ ಹೇಳಿದಾತ ನೂರೈವತ್ತು ವರ್ಷಗಳಿಗೂ ಹಿಂದಿನ ಒಬ್ಬ ದಂಡಿನ ಅಧಿಕಾರಿ. ಮದರಾಸು ಸೈನ್ಯದ ಅಲೆಕ್ಸಾಂಡರ್ ಗ್ರೀನ್‌ಲಾ ೧೮೫೬ರಲ್ಲಿ ಹಂಪೆಯ ಚಿತ್ರಗಳನ್ನು ತೆಗೆದ. ಮುಂಬಯಿಯ ಗ್ರಂಥಾಲಯವೊಂದರಲ್ಲಿ ಆ ಚಿತ್ರಗಳ ಪುಸ್ತಕವನ್ನು ಕಂಡಾಗ, ಊರಿನ ಹುಚ್ಚಿನಿಂದಲೇ ಬಿಡಿಸಿದೆವು. ಆದರೆ ನಮ್ಮನ್ನು ಹಿಡಿದು ಕೂರಿಸಿದ್ದು ಅವನು ಚಿತ್ರ ತೆಗೆಯುತ್ತಿದ್ದ ರೀತಿ.

ಅಂದಿನ ಕ್ಯಾಮೆರಾ ಎಂದರೆ ಮರದ ದೊಡ್ಡ ಪೆಟ್ಟಿಗೆ. ಗ್ರೀನ್‌ಲಾ ಬಳಸಿದ್ದು ಮೇಣದ ಕಾಗದದ ನೆಗೆಟಿವ್. ಫ್ರಾನ್ಸಿನ ಗುಸ್ತಾವ್ ಲ ಗ್ರೇ ೧೮೫೧ರಲ್ಲಿ ಪ್ರಕಟಿಸಿದ ವಿಧಾನ. ತೆಳುವಾದ ಕಾಗದಕ್ಕೆ ಮೇಣ ಕುಡಿಸಿ, ಬೆಳ್ಳಿಯ ಲವಣ ಹತ್ತಿಸಿ, ಒಣಗಿಸಿಟ್ಟರೆ ಕೆಲವು ದಿನ ಕೆಡುತ್ತಿರಲಿಲ್ಲ. ನಮ್ಮ ಕಡೆಯ ಬಿಸಿಲಿಗೆ ಅದೇ ಅನುಕೂಲ. ಪೆಟ್ಟಿಗೆಯೊಳಗಿಟ್ಟು ಮುಚ್ಚಳ ತೆಗೆದರೆ ನಿಮಿಷಗಟ್ಟಲೆ ಕಾಯಬೇಕು. ಆಮೇಲೆ ಆ ನೆಗೆಟಿವನ್ನು ಇನ್ನೊಂದು ಕಾಗದದ ಮೇಲೆ ಮೈಗೆ ಮೈ ತಾಗಿಸಿ, ಗಾಜಿನಡಿ ಒತ್ತಿಟ್ಟು ಬಿಸಿಲಿಗೆ ಹಿಡಿಯಬೇಕು. ಇದಕ್ಕೇ ಕಾಂಟ್ಯಾಕ್ಟ್ ಪ್ರಿಂಟ್ ಎನ್ನುತ್ತಾರೆ. ಚಿತ್ರ ನೆಗೆಟಿವಿನಷ್ಟೇ ದೊಡ್ಡದು, ಒಂದು ಕೂದಲೆಳೆಯೂ ಹೆಚ್ಚಿಲ್ಲ. ದೊಡ್ಡ ಚಿತ್ರ ಬೇಕೆಂದವನು ದೊಡ್ಡ ಪೆಟ್ಟಿಗೆಯನ್ನೇ ಹಂಪೆಯ ಬಂಡೆಗಳ ನಡುವೆ ಸಾಗಿಸಬೇಕಾಗಿತ್ತು. ಗ್ರೀನ್‌ಲಾನ ನೆಗೆಟಿವುಗಳು ಹೆಚ್ಚುಕಡಿಮೆ ಒಂದು ಮೊಳದಷ್ಟಿವೆ. ಪೆಟ್ಟಿಗೆ ಎಷ್ಟಿದ್ದಿರಬೇಕೆಂದು ಓದುಗರೇ ಊಹಿಸಲಿ.

ಅವನಿಗಾದರೋ ಬೇರೆ ದಾರಿ ಸುಲಭವಿರಲಿಲ್ಲ. ದಾರಿ ಇದ್ದೂ ಇದನ್ನೇ ಹಿಡಿದವರುಂಟು. ಅಮೆರಿಕದ ಎಡ್ವರ್ಡ್ ವೆಸ್ಟನ್ ಚಿತ್ರ ಹಿಗ್ಗಿಸುವ ಯಂತ್ರ ಬಳಕೆಗೆ ಬಂದ ಕಾಲದಲ್ಲಿಯೂ ೮×೧೦ ಅಂಗುಲದ ನೆಗೆಟಿವನ್ನೇ ತೆಗೆದು ಅಷ್ಟೇ ಅಳತೆಯ ಚಿತ್ರ ಮಾಡುತ್ತಿದ್ದ. ಹಿಂದಿನ ಗಾಜಿನಲ್ಲಿ ಕಂಡದ್ದೇ ಕೊನೆಯ ಚಿತ್ರ. ತಪ್ಪಿದ್ದರೆ ಅಲ್ಲೇ, ಆಗಲೇ ತಿದ್ದಿಕೊಳ್ಳಬೇಕು. ಕೈ ನಡುಗುವ ಕಾಯಿಲೆ ಬಂದಾಗ ಮಕ್ಕಳಾದ ಬ್ರೆಟ್, ಕೋಲ್ ಅವನ ಕಣ್ಣೆದುರಿಗೆ ಚಿತ್ರ ಮಾಡಿಕೊಟ್ಟರು. ೧೯೫೮ರಲ್ಲಿ ತಂದೆ ತೀರಿಕೊಂಡ ಮೇಲೂ ಕೋಲ್ ಆ ಕೆಲಸ ಮುಂದುವರಿಸಿದ. ಬ್ರೆಟ್ ಮಾತ್ರ ತನ್ನ ನೆಗೆಟಿವುಗಳನ್ನು ಬೇರೆಯವರು ಮುಟ್ಟುವುದು ಬೇಡವೆಂದು ೧೯೯೧ರಲ್ಲಿ, ತನ್ನ ಎಂಬತ್ತನೆಯ ಹುಟ್ಟುಹಬ್ಬದಂದು, ಬಹುಪಾಲನ್ನು ಸುಟ್ಟುಹಾಕಿದ. ಒಬ್ಬನೇ ಗುರುವಿನ ಇಬ್ಬರು ಶಿಷ್ಯರು! ನಮ್ಮ ಒಲವು ಕೋಲ್‌ನ ಕಡೆಗೆ. ಸುಡಲು ಒಂದು ಕಡ್ಡಿ ಸಾಕು. ಇನ್ನೊಬ್ಬರು ಕಂಡದ್ದನ್ನು ಹಿಗ್ಗಿಸದೆ ಕುಗ್ಗಿಸದೆ ದಾಟಿಸುವುದಕ್ಕೆ ಜೀವಮಾನವೇ ಬೇಕು.

ಇಲ್ಲಿಗೆ ನಮ್ಮ ಪಾಠ ಮುಗಿಯಿತೆಂದೇ ಭಾವಿಸಿದ್ದೆವು. ಇದ್ದಷ್ಟೇ ಹೇಳು, ಮೂರಂಕಣವನ್ನು ಮೂರೇ ಎನ್ನು. ಆದರೆ ಗ್ರೀನ್‌ಲಾನ ಪುಟಗಳನ್ನು ಮತ್ತೆ ತಿರುಗಿಸಿದಾಗ ಸಂದೇಹ ಬಂತು. ನಿಮಿಷಗಟ್ಟಲೆ ತೆರೆದಿಟ್ಟ ಪೆಟ್ಟಿಗೆಯಲ್ಲಿ ನಿಂತ ಕಲ್ಲು ಮಾತ್ರ ಉಳಿಯುತ್ತದೆ. ಅದರ ಮುಂದೆ ಹಾದುಹೋದ ಎತ್ತಿನಬಂಡಿ, ಹುಲ್ಲುಹೊರೆಯವಳು, ಓಡುವ ಹುಡುಗರು ಗುರುತೇ ಇಲ್ಲದೆ ಅಳಿದುಹೋಗುತ್ತಾರೆ. ಅಂದಿನ ಕಾಗದಕ್ಕೆ ಕೆಂಪು ಕಾಣಿಸುತ್ತಿರಲಿಲ್ಲ. ಆಕಾಶ ಬರಿ ಬಿಳಿ. ಹಂಪೆ ಎಂದರೆ ಮನುಷ್ಯರಿಲ್ಲದ ಹಾಳು ಎಂಬ ಭಾವನೆ ನಮ್ಮೆಲ್ಲರ ತಲೆಯಲ್ಲಿ ಕುಳಿತಿರುವುದರಲ್ಲಿ ಇಂಥ ಚಿತ್ರಗಳ ಪಾಲೂ ಸ್ವಲ್ಪ ಇರಬಹುದು. ಅಳತೆ ಸರಿಯಿದ್ದ ಮಾತ್ರಕ್ಕೆ ಎಲ್ಲವೂ ಬಂದಿದೆ ಎನ್ನುವಂತಿಲ್ಲ.

ಇನ್ನೊಂದು ಚಿತ್ರ ನಮ್ಮನ್ನು ತಲೆ ತಗ್ಗಿಸುವಂತೆ ಮಾಡಿತು. ವಿಜಯವಿಠ್ಠಲ ದೇವಸ್ಥಾನದ ಕಲ್ಲಿನ ತೇರನ್ನು ಈಗ ಎಲ್ಲರೂ ಬಲ್ಲರು. ೨೦೧೭ರಿಂದ ಐವತ್ತು ರೂಪಾಯಿ ನೋಟಿನ ಬೆನ್ನಿಗೆ ಬಂದು, ಬದಲಾಪುರದ ಸ್ಟೇಷನ್ನಿನ ಹೊರಗಿನ ತರಕಾರಿಯವಳ ಚೀಲದಲ್ಲಿಯೂ ಸೇರಿಕೊಂಡಿದೆ. ನೋಟಿನಲ್ಲಿ ತೇರಿನ ತಲೆ ಮಟ್ಟಸ. ಗ್ರೀನ್‌ಲಾನ ಚಿತ್ರದಲ್ಲಿ ಅದರ ಮೇಲೆ ಇಟ್ಟಿಗೆಯ ಗೋಪುರವೇ ಇದೆ! ಮುಂದೆ ಅದನ್ನು ತೆಗೆದುಹಾಕಿದರು.

ನಮ್ಮ ಸೋದರತ್ತೆ ಇದನ್ನೇ ಹೇಳುತ್ತಿದ್ದರು. “ಕಲ್ಲಿನ ತೇರಿಗೆ ಗೋಪುರ ಇತ್ತಪ್ಪಾ, ನಮ್ಮ ಮುತ್ತಜ್ಜ ನೋಡಿದ್ದನಂತೆ.” ನಾವು ಕಾಲೇಜು ಓದಿದವರು. ಅತ್ತೆ ಹಿಗ್ಗಿಸುತ್ತಿದ್ದಾರೆಂದು ನಕ್ಕೆವು. ಒಮ್ಮೆ ಎಲ್ಲರ ಎದುರಿಗೂ ನಕ್ಕೆವು. ಆಮೇಲೆ ಅವರು ನಮ್ಮ ಮುಂದೆ ಆ ಮಾತು ಎತ್ತಲಿಲ್ಲ. ಹಿಗ್ಗಿಸಿದವರು ನಾವು, ಕೇಳಿದ್ದನ್ನು ಕೇಳಿದಷ್ಟೇ ಅಳತೆಯಲ್ಲಿ ಇಟ್ಟುಕೊಂಡಿದ್ದವರು ಅವರು. ಪುಸ್ತಕ ನಮ್ಮ ಕಣ್ಣಿಗೆ ಬೀಳುವ ಹೊತ್ತಿಗೆ ಅವರು ಹೋಗಿ ವರ್ಷಗಳಾಗಿದ್ದವು.

ಗ್ರೀನ್‌ಲಾನ ನೆಗೆಟಿವುಗಳೂ ನೂರಕ್ಕೂ ಹೆಚ್ಚು ವರ್ಷ ಕಣ್ಮರೆಯಾಗಿದ್ದು, ೧೯೮೦ರ ಸುಮಾರಿಗೆ ಇಂಗ್ಲೆಂಡಿನಲ್ಲಿ ಬೆಳಕಿಗೆ ಬಂದವು. ಆ ಕಾಲಕ್ಕೇ ಜಾರ್ಜ್ ಮಿಶೆಲ್, ಜಾನ್ ಫ್ರಿಟ್ಜ್ ಎಂಬ ವಿದ್ವಾಂಸರು ಹಂಪೆಯ ಅಳತೆಯ ಕೆಲಸಕ್ಕೆ ತೊಡಗಿದ್ದರು. ೧೯೮೩ರಲ್ಲಿ ಆಸ್ಟ್ರೇಲಿಯದ ಛಾಯಾಗ್ರಾಹಕ ಜಾನ್ ಗೊಲಿಂಗ್ಸ್ ಅಲ್ಲಿಗೆ ಬಂದು, ಗ್ರೀನ್‌ಲಾ ನಿಂತ ಸ್ಥಳಗಳನ್ನೇ ಹುಡುಕಿ ಚಿತ್ರ ತೆಗೆದ. ತನಗೆ ಚೆಂದ ಕಂಡ ಕಡೆ ನಿಲ್ಲದೆ ಇನ್ನೊಬ್ಬ ನಿಂತ ಕಡೆ ನಿಂತು ನೋಡುವ ಆ ವಿನಯವನ್ನು ನಾವು ಅತ್ತೆಗೆ ಒಂದು ದಿನವೂ ತೋರಿಸಲಿಲ್ಲ.

ಮೊನ್ನೆ ಐವತ್ತರ ನೋಟೊಂದನ್ನು ಮೇಜಿನ ಮೇಲಿಟ್ಟು ಮಗನಿಗೆ ಇದನ್ನೆಲ್ಲ ಹೇಳಿದೆವು. ಮನೆ ಮೂರೇ ಅಂಕಣದ್ದು, ಏಳು ಎಂದದ್ದು ನಾವೇ ಕಟ್ಟಿದ್ದು ಎಂದೂ ಒಪ್ಪಿಕೊಂಡೆವು. ಕಾಲೇಜಿಗೆ ಹೋಗುವ ಹುಡುಗ, ಅದಕ್ಕೆ ಸುಮ್ಮನೆ ತಲೆಯಾಡಿಸಿದ. ನೋಟನ್ನು ತಿರುಗಿಸಿ ನೋಡುತ್ತ ಕೇಳಿದ:

“ಆ ಅಜ್ಜಿ ಮತ್ತೇನೇನು ಹೇಳ್ತಿದ್ರು ಅಪ್ಪಾ?”

ಬಹಳ ಹೊತ್ತು ಯೋಚಿಸಿದೆವು. ಅವರು ದಿನವೂ ಸಂಜೆ ಕಟ್ಟೆಯ ಮೇಲೆ ಕುಳಿತು ಏನಾದರೊಂದು ಹೇಳುತ್ತಲೇ ಇದ್ದರು. ನಾವು ನಕ್ಕದ್ದು ನೆನಪಿದೆ.