ಏಳು ಕಲ್ಲಿನ ಓಲೆ, ಒಂದು ಕಲ್ಲಿನ ಉಂಗುರ

ನಮ್ಮೂರಿನ ಹೆಸರೇ ಒಂದು ಕಲ್ಲಿನ ಹೆಸರು. ಸಾಲಿಗ್ರಾಮ ಅಂದ ಕೂಡಲೇ ಹೊರಗಿನವರು "ಉಡುಪಿ ಕಡೆಯದಾ?" ಅಂತ ಕೇಳುತ್ತಾರೆ. ಅದಲ್ಲ ಸ್ವಾಮಿ, ಇದು ಕಾವೇರಿ ದಂಡೆಯದು, ರಾಮಾನುಜಾಚಾರ್ಯರು ಬಂದು ಉಳಿದಿದ್ದರು ಅನ್ನುವ ಊರು, ಮೊನ್ನೆ ಮೊನ್ನೆವರೆಗೂ ಕೆ.ಆರ್. ನಗರ ತಾಲ್ಲೂಕಿಗೆ ಸೇರಿದ್ದು. ಹೆಸರು ನಮ್ಮದಾದರೂ ಆ ಕಲ್ಲು ಸಿಗುವುದು ದೂರದ ನೇಪಾಳದ ಗಂಡಕಿ ನದಿಯಲ್ಲಿ. ಅದಕ್ಕೆ ಯಾರೂ ಉಳಿ ಮುಟ್ಟಿಸುವುದಿಲ್ಲ. ನೀರು ಉರುಳಿಸಿ ಉರುಳಿಸಿ ಏನು ಆಕಾರ ಕೊಟ್ಟಿತೋ ಅದೇ ಆಕಾರ. ಮಾರಬಾರದು, ಬೆಲೆ ಕಟ್ಟಬಾರದು ಅಂತಾರೆ ಹಿರಿಯರು. ಒಡೆದಿದ್ದರೂ ಪೂಜೆಗೆ ಬರುತ್ತದಂತೆ. ಇಂಥ ಕಲ್ಲಿನ ಹೆಸರು ಹೊತ್ತ ಊರಲ್ಲಿ ಕೂತು ನಾನು ಬರೆಯಹೊರಟಿರುವುದು ಇದಕ್ಕೆ ಪೂರ್ತಿ ಉಲ್ಟಾ ಇರುವ ಇನ್ನೊಂದು ಕಲ್ಲಿನ ಬಗ್ಗೆ. ಕತ್ತರಿಸಿ, ಸಾಣೆ ಹಿಡಿದು, ಬೆಲೆ ಕಟ್ಟಿದ ಮೇಲೇ ಅದಕ್ಕೆ ಮರ್ಯಾದೆ.

ವಜ್ರದ ಮಾತು ನಮ್ಮ ಮನೆಗೆ ಬಂದದ್ದು ತಮ್ಮನ ಮಗಳ ನಿಶ್ಚಿತಾರ್ಥದ ನೆಪದಲ್ಲಿ. ಹುಡುಗನ ಕಡೆಯವರು ಮೈಸೂರಿನವರು. ಹುಡುಗಿಗೆ ವಜ್ರದ ಉಂಗುರ ನಾವು ಹಾಕ್ತೀವಿ, ಯಾವ ಶೇಪ್ ಬೇಕೋ ಅವಳೇ ಆರಿಸಲಿ ಅಂದರು. ಅವರು ಇಟ್ಟುಕೊಂಡ ದುಡ್ಡಿಗೆ ಹೆಚ್ಚೂಕಮ್ಮಿ ಅರ್ಧ ಕ್ಯಾರೆಟ್ ಬರುತ್ತದೆ. ಒಂದು ಕ್ಯಾರೆಟ್ ಅಂದರೆ 0.2 ಗ್ರಾಂ, ಅರ್ಧ ಅಂದರೆ ಒಂದು ಗ್ರಾಮಿನ ಹತ್ತನೇ ಒಂದು ಭಾಗ. ನಾಲ್ಕೈದು ಅಕ್ಕಿ ಕಾಳಿನ ತೂಕ ಅಷ್ಟೆ. ಆ ತೂಕದ ಗುಂಡನೆ ವಜ್ರ ಸುಮಾರು 5 ಮಿಲಿಮೀಟರ್ ಅಗಲ ಇರುತ್ತದೆ. ಅದೇ ತೂಕವನ್ನು ಎರಡೂ ತುದಿ ಚೂಪಾಗಿರುವ, ಹುಣಸೆ ಎಲೆಯನ್ನು ಎಳೆದು ಚೂಪು ಮಾಡಿದ ಹಾಗಿರುವ ಮಾರ್ಕ್ವೀಸ್ ಅನ್ನೋ ಆಕಾರದಲ್ಲಿ ಕತ್ತರಿಸಿದರೆ ಉದ್ದ 8 ಮಿಲಿಮೀಟರ್ ದಾಟುತ್ತದೆ. ಬೆರಳ ಮೇಲೆ ಇಟ್ಟರೆ ಒಂದು ಕ್ಯಾರೆಟ್ಟಿನ ಹತ್ತಿರ ಹತ್ತಿರ ಕಾಣುತ್ತದೆ. ಬೆಲೆ ಗುಂಡನೆಯದಕ್ಕಿಂತ ಕಮ್ಮಿ.

"ಹಂಗಾದ್ರೆ ಇದೇ ತಗೋಬೋದಲ್ವಾ ದೊಡ್ಡಪ್ಪ?" ಅಂತ ಫೋನ್ ಮುಂದೆ ಹಿಡಿದಳು. ಪಕ್ಕದಲ್ಲಿ ಕೂತಿದ್ದ ಅವಳಪ್ಪ, "ಇರೋದಕ್ಕಿಂತ ದೊಡ್ಡದಾಗಿ ಕಾಣ್ಲಿ ಅಂತ ತಗೊಳೋದು ಒಂಥರಾ ಸುಳ್ಳು ಕಣವ್ವ" ಅಂದ.

ಅವಳು ಬಿಡುವವಳಲ್ಲ. "ಸುಳ್ಳು ಅಂದ್ರೆ ಯಾರಿಗೆ ಸುಳ್ಳಪ್ಪ? ಅಂಗಡಿಯವನಿಗೆ ತೂಕ ಗೊತ್ತು, ಅತ್ತೆ ಮನೆಯವರಿಗೆ ಬಿಲ್ಲು ಗೊತ್ತು, ನನಗೆ ಗೊತ್ತು. ಇನ್ಯಾರಿಗೆ ಸುಳ್ಳು ಹೇಳ್ದಂಗಾಯ್ತು?"

ಪ್ರಶ್ನೆ ನೋಡಕ್ಕೆ ಸಣ್ಣದು. ಆದರೆ ನಾನು ಅವತ್ತಿಂದ ಅದನ್ನೇ ಮೆಲುಕು ಹಾಕುತ್ತಿದ್ದೇನೆ. ಬಾಯಿಂದ ಆಡದ ಸುಳ್ಳೊಂದು ಇರುತ್ತದೆಯೇ? ಆಕಾರ ಸುಳ್ಳು ಹೇಳಬಲ್ಲದೇ?

ಮೊದಲು ಕಲ್ಲಿನ ಕಡೆಯಿಂದ ನೋಡೋಣ. ಭೂಮಿಯಿಂದ ಬರುವಾಗ ಒಳ್ಳೆಯ ವಜ್ರ ಎರಡು ಗೋಪುರಗಳನ್ನು ತಳಕ್ಕೆ ತಳ ಅಂಟಿಸಿದ ಹಾಗಿರುತ್ತದೆ. ನಮ್ಮ ಹಳೆಯ ರತ್ನಪರೀಕ್ಷೆಯ ಗ್ರಂಥಗಳು ಉತ್ತಮ ವಜ್ರಕ್ಕೆ ಹೇಳುವ ಲಕ್ಷಣ ಇದೇ: 6 ತುದಿ, 8 ಮುಖ, 12 ಅಂಚು. ಅಂದರೆ ನಮ್ಮವರಿಗೆ ಹುಟ್ಟಿದ ಆಕಾರವೇ ಒಳ್ಳೆಯ ಆಕಾರವಾಗಿತ್ತು. 17ನೇ ಶತಮಾನದಲ್ಲಿ ಗೋಲ್ಕೊಂಡದ ಗಣಿಗಳನ್ನು ನೋಡಿ ಹೋದ ಫ್ರೆಂಚ್ ವ್ಯಾಪಾರಿ ತಾವರ್ನಿಯೆ ಒಂದು ಸ್ವಾರಸ್ಯದ ಸಂಗತಿ ಬರೆದಿದ್ದಾನೆ. ಕಲ್ಲು ಶುದ್ಧವಾಗಿದ್ದರೆ ಇಲ್ಲಿಯ ಕೆಲಸಗಾರರು ತೂಕ ಹೋದೀತು ಅಂತ ಅದಕ್ಕೆ ಸಾಣೆ ತಾಗಿಸಿಯೂ ತಾಗಿಸದ ಹಾಗೆ ಬಿಡುತ್ತಿದ್ದರಂತೆ. ಒಳಗೆ ಚುಕ್ಕೆ, ಬಿರುಕು ಇದ್ದರೆ ಮಾತ್ರ ಅದನ್ನು ಮುಚ್ಚಲು ಮೈತುಂಬ ಮುಖಗಳನ್ನು ಕೆತ್ತುತ್ತಿದ್ದರಂತೆ. ಅಂದಮೇಲೆ ಆ ಕಾಲದಲ್ಲಿ ಹೆಚ್ಚು ಹೊಳೆಯುವ ಕಲ್ಲು ಕಂಡರೆ, ತಿಳಿದವನು "ಇದರೊಳಗೆ ಏನೋ ಇದೆ" ಅಂತ ಅನುಮಾನ ಪಡಬೇಕಿತ್ತು.

ಯುರೋಪಿನವರ ಲೆಕ್ಕ ಬೇರೆ. ಅವರಿಗೆ ತೂಕಕ್ಕಿಂತ ಬೆಳಕು ಮುಖ್ಯ. ಕೊಹಿನೂರು ಇಲ್ಲಿಂದ ಹೋದಾಗ ಸುಮಾರು 186 ಕ್ಯಾರೆಟ್ ಇತ್ತು. ಲಂಡನ್ನಿನ ಜನಕ್ಕೆ ಅದು ಮಂಕಾಗಿ ಕಂಡಿತು ಅಂತ 1852ರಲ್ಲಿ ಮತ್ತೆ ಕತ್ತರಿಸಿದರು. ಉಳಿದದ್ದು 105.6 ಕ್ಯಾರೆಟ್. ಈಗ ಅಂಗಡಿಗಳಲ್ಲಿ ಕಾಣುವ ಗುಂಡನೆ ವಜ್ರಕ್ಕೆ ಅಳತೆ ಹಾಕಿಕೊಟ್ಟವನು ಮಾರ್ಸೆಲ್ ಟೊಲ್ಕೋವ್‌ಸ್ಕಿ. ಯಾವ ಮುಖ ಎಷ್ಟು ಓರೆಯಾಗಿದ್ದರೆ ಒಳಗೆ ಹೋದ ಬೆಳಕು ತಿರುಗಿ ಕಣ್ಣಿಗೆ ಬರುತ್ತದೆ ಅಂತ ಗಣಿತ ಹಾಕಿ 1919ರಲ್ಲಿ ಪುಸ್ತಕ ಬರೆದ. 57 ಮುಖ, ತಳದ ಚಿಕ್ಕದನ್ನೂ ಎಣಿಸಿದರೆ 58. ಈ ಆಕಾರ ತರಲು ಮೂಲ ಕಲ್ಲಿನಲ್ಲಿ ಅರ್ಧಕ್ಕಿಂತ ಹೆಚ್ಚು ಪುಡಿಯಾಗಿ ಹೋಗುವುದೂ ಉಂಟು. ಗುಂಡನೆಯದು ದುಬಾರಿ ಆಗಲು ಅದೊಂದು ದೊಡ್ಡ ಕಾರಣ. ಕೈಯಲ್ಲಿ ಇರುವುದಕ್ಕಷ್ಟೇ ಅಲ್ಲ, ಸಾಣೆಯಲ್ಲಿ ಹೋದದ್ದಕ್ಕೂ ನಾವು ದುಡ್ಡು ಕೊಡುತ್ತೇವೆ. (ಈ ಸಾಣೆ ಹಿಡಿಯುವ ಕೆಲಸದ ಬಹುಪಾಲು ನಮ್ಮ ಸೂರತ್ತಿನಲ್ಲೇ ಆಗುತ್ತದೆ. ಆ ಕೆಲಸಗಾರರ ಕಣ್ಣಿನ ಬಗ್ಗೆ ಇನ್ನೊಮ್ಮೆ ಬರೆಯಬೇಕು.)

ಇನ್ನೊಂದು ಮಾತು. ಗುಂಡನೆ ವಜ್ರ ತುಂಬಾ ಮಿನುಗುವುದರಿಂದ ಒಳಗಿನ ಸಣ್ಣ ಚುಕ್ಕೆ, ಸ್ವಲ್ಪ ಹಳದಿ ಛಾಯೆ ಎರಡನ್ನೂ ಮರೆಸಿಬಿಡುತ್ತದೆ. ಎಮರಾಲ್ಡ್ ಕಟ್ ಅಂತ ಒಂದಿದೆ, ಕಲ್ಯಾಣಿಯ ಮೆಟ್ಟಿಲಿನ ಹಾಗೆ ನೇರ ನೇರ ಗೆರೆಯದು. ಅದರಲ್ಲಿ ಏನೂ ಬಚ್ಚಿಡಕ್ಕಾಗಲ್ಲ, ಕಿಟಕಿ ತೆಗೆದಿಟ್ಟ ಹಾಗೆ ಒಳಗಿರುವುದೆಲ್ಲ ಕಾಣುತ್ತದೆ. ಹಾಗಂತ ಎಮರಾಲ್ಡ್ ಕಟ್ ಹಾಕಿಕೊಂಡವಳು ಸತ್ಯವಂತೆ, ಗುಂಡನೆಯದು ಹಾಕಿಕೊಂಡವಳು ಸುಳ್ಳಿ ಅನ್ನೋಕಾಗುತ್ತಾ? ಒಂದು ಆಕಾರ ಗಾತ್ರದಲ್ಲಿ ಉಬ್ಬಿಸುತ್ತದೆ, ಇನ್ನೊಂದು ದೋಷ ಮುಚ್ಚುತ್ತದೆ. ಕಲ್ಲನ್ನು ಕತ್ತರಿಸಿದ ಮೇಲೆ ಏನೋ ಒಂದನ್ನು ಹೆಚ್ಚು ಮಾಡಿ ತೋರಿಸಿಯೇ ತೋರಿಸುತ್ತೇವೆ. ತಮ್ಮ ಹೇಳುವ ಅರ್ಥದಲ್ಲಿ ಸುಳ್ಳಾಡದ ವಜ್ರ ಬೇಕು ಅಂದರೆ ಗಣಿಯಿಂದ ಬಂದ ಹಾಗೇ ಕಟ್ಟಿಸಿಕೊಳ್ಳಬೇಕು.

ಚುಂಚನಕಟ್ಟೆ ದನಗಳ ಜಾತ್ರೆ ನೋಡಿದವರಿಗೆ ಈ ವಿಷಯ ಸುಲಭವಾಗಿ ಅರ್ಥವಾದೀತು. ಸಂಕ್ರಾಂತಿ ಆಸುಪಾಸಿಗೆ ಹಳ್ಳಿಕಾರ್ ಜೋಡಿಗಳನ್ನು ಹೊಡೆದುಕೊಂಡು ಬರುತ್ತಾರಲ್ಲ, ಮೈ ತೊಳೆದು, ಕೊಂಬು ಹೆರೆದು ಎಣ್ಣೆ ಸವರಿ, ಕೊರಳಿಗೆ ಗೆಜ್ಜೆ, ಬೆನ್ನಿಗೆ ಜೂಲು, ಕೆಲವರು ವಾದ್ಯ ಊದಿಸಿಕೊಂಡೇ ಬರುತ್ತಾರೆ. ಅದನ್ನು ಯಾರೂ ಮೋಸ ಅನ್ನುವುದಿಲ್ಲ. ಯಾಕೆ? ಕೊಳ್ಳುವವನು ಗೆಜ್ಜೆ ನೋಡಿ ದುಡ್ಡು ಕೊಡುವುದಿಲ್ಲ. ನೇರವಾಗಿ ಬಾಯಿ ತೆಗೆಸಿ ಹಲ್ಲು ಎಣಿಸುತ್ತಾನೆ. ಎರಡು ಹಲ್ಲೋ, ನಾಲ್ಕೋ, ಬಾಯಿಗೂಡಿದೆಯೋ. ನಡೆಸಿ ನೋಡುತ್ತಾನೆ. ಆಮೇಲೆ ಟವೆಲಿನ ಕೆಳಗೆ ಬೆರಳು ಹಿಡಿದು ವ್ಯಾಪಾರ. ಸಿಂಗಾರ ಸಿಂಗಾರವೇ, ಹಲ್ಲು ಹಲ್ಲೇ. ಹಲ್ಲು ನೋಡಲು ಬಿಡದೆ ಇದ್ದರೆ, ಅಥವಾ ಹಲ್ಲನ್ನೇ ಅರ ಹಾಕಿ ತಿದ್ದಿದ್ದರೆ, ಅದು ಮೋಸ.

ವಜ್ರದ ಹಲ್ಲು ನೋಡುವುದು ಹೇಗೆ?

ಇಲ್ಲಿ ನನಗೆ ನಮ್ಮವ್ವನ ಏಳು ಕಲ್ಲಿನ ಓಲೆ ನೆನಪಾಗುತ್ತದೆ. ಮೈಸೂರು ಕಡೆಯ ಹೆಂಗಸರಿಗೆ ಈ ಓಲೆಯನ್ನು ವರ್ಣಿಸಬೇಕಿಲ್ಲ. ನಡುವೆ ಒಂದು, ಸುತ್ತ ಆರು, ಒಂದು ಹೂವಿನ ಹಾಗೆ. ಅದೂ ಸಣ್ಣ ಸಣ್ಣ ಕಲ್ಲುಗಳನ್ನು ಸೇರಿಸಿ ದೊಡ್ಡದಾಗಿ ಕಾಣಿಸುವ ಉಪಾಯವೇ. ಏಳರಷ್ಟು ಅಗಲದ ಒಂದೇ ಕಲ್ಲು ಕೊಳ್ಳಕ್ಕೆ ಯಾರ ಕೈಲಾಗುತ್ತಿತ್ತು? ಆದರೆ ಆ ಓಲೆ ತನ್ನ ಗುಟ್ಟನ್ನು ತಾನೇ ಹೇಳಿಬಿಡುತ್ತದೆ. ಹೆಸರಲ್ಲೇ ಏಳು ಕಲ್ಲು ಅಂತಿದೆ. ಯಾರು ಬೇಕಾದರೂ ದೂರದಿಂದಲೇ ಎಣಿಸಬಹುದು. ಹಿಗ್ಗಿ ಕಾಣುವುದಕ್ಕೂ ಮೋಸಕ್ಕೂ ನಡುವೆ ಗೆರೆ ಇರುವುದಾದರೆ ಅದು ಇಲ್ಲೇ ಎಲ್ಲೋ ಇರಬೇಕು ಅನ್ನಿಸುತ್ತದೆ: ನೋಡುವವರು ಎಣಿಸಿಕೊಳ್ಳಬಹುದೇ, ಇಲ್ಲವೇ. ಮಾರ್ಕ್ವೀಸನ್ನು ಎಣಿಸಲಾಗುವುದಿಲ್ಲ. ಅದರ ತೂಕ ಬೀರುವಿನಲ್ಲಿಟ್ಟ ಸರ್ಟಿಫಿಕೇಟಿನಲ್ಲಿದೆ.

ಇದನ್ನು ಹೇಳಿದಾಗ ತಮ್ಮನ ಮಗಳು ನಕ್ಕಳು. "ನಮ್ಮೂರಲ್ಲಿ ಸರ್ಟಿಫಿಕೇಟ್ ಯಾಕೆ ದೊಡ್ಡಪ್ಪ? ಬಸ್‌ಸ್ಟ್ಯಾಂಡಲ್ಲಿ ಗುರುತಿಲ್ದಿರೋರೂ ಸೀರೆ ಸೆರಗು ಹಿಡ್ಕೊಂಡು 'ಎಷ್ಟು ಕೊಟ್ರಿ' ಅಂತಾರೆ. ಉಂಗುರ ಕೇಳ್ದೆ ಇರ್ತಾರಾ? ಕೇಳ್ದೋರಿಗೆಲ್ಲ ಹೇಳ್ತೀನಿ."

ಮಾತು ನಿಜ. ನಮ್ಮ ಕಡೆ ಬೆಲೆ ಕೇಳುವುದು ತಪ್ಪಲ್ಲ. ಸರ ಕಂಡರೆ ಎಷ್ಟು ಗ್ರಾಮು, ಹಸು ಕಂಡರೆ ಎಷ್ಟು ಲೀಟ್ರು, ಮಗ ಕೆಲಸಕ್ಕೆ ಸೇರಿದ ಅಂದರೆ ಎಷ್ಟು ಸಂಬಳ. ಪಟ್ಟಣಕ್ಕೆ ಹೋಗಿ ಬಂದವರು ಇದನ್ನು ಹಳ್ಳಿ ಗುಗ್ಗುತನ ಅಂತಾರೆ. ನನಗೆ ಹಾಗನ್ನಿಸುವುದಿಲ್ಲ. ಕೇಳುವ ಊರಿನಲ್ಲಿ ದೊಡ್ಡದಾಗಿ ಕಾಣುವುದರಿಂದ ಹೆಚ್ಚು ಕೆಡುಕಾಗದು, ಎರಡನೇ ಮಾತಿಗೇ ನಿಜ ಹೊರಬೀಳುತ್ತದೆ. ಕೇಳುವುದು ಅಸಭ್ಯ ಅನ್ನುವ ಕಡೆ ಮಾತ್ರ ಆಕಾರ ತಾನೇ ಮಾತಾಡಲು ಶುರು ಮಾಡುತ್ತದೆ. ಎಲ್ಲರೂ ಮನಸ್ಸಿನಲ್ಲೇ ಅಂದಾಜು ಮಾಡಿಕೊಳ್ಳುತ್ತಾರೆ, ತಪ್ಪಾಗಿ. ಯಾರೂ ತಿದ್ದುವುದಿಲ್ಲ.

ಚಿನ್ನಕ್ಕೆ ಈ ಕಷ್ಟ ಇಲ್ಲ ನೋಡಿ. ಚಿನ್ನ ತೂಕಕ್ಕೆ ಹಾಕಿದರೆ ಮುಗಿಯಿತು. ಸಾಲಕ್ಕೆ ಒಡವೆ ಇಟ್ಟವರಿಗೆಲ್ಲ ಗೊತ್ತು: ಗಿರವಿ ಅಂಗಡಿಯಾಗಲಿ ಬ್ಯಾಂಕಾಗಲಿ, ಕಲ್ಲಿನ ತೂಕ ಕಳೆದು ಉಳಿದದ್ದಕ್ಕೆ ಸಾಲ ಕೊಡುತ್ತಾರೆ. ಅಲ್ಲಿ ಗುಂಡನೆಯದು, ಚೂಪಿನದು, ಮೆಟ್ಟಿಲಿನದು ಎಲ್ಲಕ್ಕೂ ಒಂದೇ ಬೆಲೆ, ಸೊನ್ನೆ. ಭತ್ತ ಕೈಕೊಟ್ಟ ವರ್ಷ ಒಡವೆಯ ಆಸರೆ ಬೇಕಾದವರಿಗೆ ವಜ್ರ ಯಾವ ಆಕಾರದಲ್ಲಿದ್ದರೂ ಆಸರೆಯಲ್ಲ. ಅದು ಇರುವುದು ಪೂರಾ ನೋಡುವ ಕಣ್ಣಿಗಾಗಿ. ಆದ್ದರಿಂದಲೇ ಆ ಕಣ್ಣಿಗೆ ಏನು ತೋರಿಸುತ್ತೇವೆ ಅನ್ನುವುದು ಚಿನ್ನದಲ್ಲಿ ಇರದಷ್ಟು ದೊಡ್ಡ ಪ್ರಶ್ನೆಯಾಗುತ್ತದೆ.

ಲ್ಯಾಬಿನಲ್ಲಿ ಬೆಳೆಸಿದ ವಜ್ರದ ಮಾತೂ ಬಂತು. ಅದೇ ಇಂಗಾಲ, ಅದೇ ಗಟ್ಟಿ, ಬರಿಗಣ್ಣಿಗೆ ವ್ಯತ್ಯಾಸ ಸಿಗುವುದಿಲ್ಲ, ಬೆಲೆ ತುಂಬಾ ಅಗ್ಗ. 2023ರಲ್ಲಿ ನಮ್ಮ ಪ್ರಧಾನಿ ಅಮೆರಿಕದ ಅಧ್ಯಕ್ಷರ ಪತ್ನಿಗೆ ಕೊಟ್ಟ 7.5 ಕ್ಯಾರೆಟ್ ವಜ್ರ ಇಂಥದ್ದೇ, ಹಾಗಂತ ಹೇಳಿಯೇ ಕೊಟ್ಟದ್ದು. ನನಗೇನೂ ತಕರಾರಿಲ್ಲ. ಹುಡುಗನ ಕಡೆಯವರು ಬೇಡ ಅಂದರು, ಮಾತು ಅಲ್ಲಿಗೇ ನಿಂತಿತು.

ಆದರೆ "ಯಾರಿಗೆ ಸುಳ್ಳು?" ಅನ್ನುವ ಅವಳ ಪ್ರಶ್ನೆಗೆ ನನಗೆ ಸಿಕ್ಕ ಉತ್ತರ ಬೇರೆ ಕಡೆಯಿಂದ ಬಂತು. ಅವರು ಹುಡುಗಿಗೆ ಉಂಗುರ ಹಾಕಿದರೆ ನಾವು ಹುಡುಗನಿಗೆ ಹಾಕಬೇಕು. ಬಾಯಿಬಿಟ್ಟು ಯಾರೂ ಕೇಳುವುದಿಲ್ಲ, ಆದರೆ ಸರಿಸಮ ಇರಬೇಕು ಅನ್ನುವುದು ಎಲ್ಲರಿಗೂ ಗೊತ್ತು. ಸಭೆಯಲ್ಲಿ ಕೂತವರು ನೋಡುವುದು ಬಿಲ್ಲನ್ನಲ್ಲ, ಕೈಯನ್ನು. ಅವಳ ಬೆರಳಲ್ಲಿ ಒಂದು ಕ್ಯಾರೆಟ್ಟಿನ ಹಾಗೆ ಹೊಳೆಯುತ್ತಿದ್ದರೆ, "ಅವ್ರು ಅಷ್ಟು ದೊಡ್ಡದು ಹಾಕವ್ರೆ, ಇವ್ರೇನು ಇಷ್ಟೇನಾ" ಅನ್ನುವ ಮಾತು ಬೀಳುವುದು ನನ್ನ ತಮ್ಮನ ತಲೆ ಮೇಲೆ. ಎರಡೂವರೆ ಎಕರೆ ಗದ್ದೆ, ನಾಲೆಯಲ್ಲಿ ನೀರು ಬಂದರೆ ಬೆಳೆ. ಅಲ್ಲಿಗೂ ನಿಲ್ಲುವುದಿಲ್ಲ. ಪಕ್ಕದ ಬೀದಿಯಲ್ಲಿ ಮುಂದಿನ ವರ್ಷ ಮದುವೆಗೆ ನಿಲ್ಲುವ ಹುಡುಗಿಯ ಮನೆಯಲ್ಲಿ ಇವಳ ಉಂಗುರವೇ ಅಳತೆಗೋಲಾಗುತ್ತದೆ. ಅವರು 8 ಮಿಲಿಮೀಟರಿಗೆ ಒಂದು ಕ್ಯಾರೆಟ್ಟಿನ ದುಡ್ಡು ಹೊಂದಿಸಲು ಓಡಾಡುತ್ತಾರೆ.

ಇದನ್ನು ಹೇಳಿದಾಗ ಅವಳು ತಕ್ಷಣ ಒಪ್ಪಲಿಲ್ಲ. ಅವಳ ವಾದ ಹೀಗಿತ್ತು: ಎಲ್ಲರಿಗೂ ಈ ಉಪಾಯ ಗೊತ್ತಾದರೆ ಎಲ್ಲರ ಖರ್ಚೂ ಇಳಿಯುತ್ತಲ್ಲ, ಗುಂಡನೆಯದೇ ಶ್ರೇಷ್ಠ ಅಂತ ಹಿಡಿದು ಕೂತು ಅರ್ಧ ಕಲ್ಲನ್ನು ಪುಡಿ ಮಾಡಿಸಿ ಅದಕ್ಕೆ ದುಡ್ಡು ಕೊಡೋದೇ ಪೆದ್ದತನ ಅಲ್ವಾ? ಇದರಲ್ಲೂ ಹುರುಳಿದೆ. ಉಪಾಯ ಎಲ್ಲರಿಗೂ ಗೊತ್ತಿದ್ದರೆ ಅದು ಏಳು ಕಲ್ಲಿನ ಓಲೆಯೇ ಆಗಿಬಿಡುತ್ತದೆ. ಹೆಚ್ಚು ಪುಡಿಯಾಗದೆ ಉಳಿಯುವ ಆಕಾರವನ್ನು ಆರಿಸುವುದರಲ್ಲಿ ಒಂದು ಮಿತವ್ಯಯದ ಮರ್ಯಾದೆಯೂ ಇದೆ. ತೊಂದರೆ ಇರುವುದು ಗೊತ್ತಾಗುವುದಕ್ಕೆ ಮುಂಚಿನ ಕಾಲದಲ್ಲಿ. ಆ ಕಾಲದಲ್ಲೇ ಅವಳ ನಿಶ್ಚಿತಾರ್ಥ ಇರುವುದು.

ಕೊನೆಗೆ ಅವಳು ಆರಿಸಿದ್ದು ಓವಲ್. ಗುಂಡನೆಯದಕ್ಕಿಂತ ತುಸು ಉದ್ದ, ಮಾರ್ಕ್ವೀಸಿನಷ್ಟು ಅಲ್ಲ. ಚೂಪು ತುದಿ ಇಲ್ಲದ್ದರಿಂದ ಪಾತ್ರೆ ತಿಕ್ಕುವಾಗ ಚಕ್ಕೆ ಏಳುವ ಭಯ ಕಮ್ಮಿ ಅಂತ ಅಂಗಡಿಯ ಹುಡುಗನೂ ಹೇಳಿದನಂತೆ. ತೂಕ 40 ಸೆಂಟು, ಅಂದರೆ ಅರ್ಧ ಕ್ಯಾರೆಟ್ಟೂ ಇಲ್ಲ. ಮಾರ್ಕ್ವೀಸೇ ತಗೊಂಡಿದ್ದರೂ ನಾನು ಜಗಳ ಆಡುತ್ತಿರಲಿಲ್ಲ. ಆದರೆ ಅವಳು ಆಮೇಲೆ ಮಾಡಿದ ಒಂದು ಕೆಲಸ ನನಗೆ ಆಕಾರಕ್ಕಿಂತ ಹೆಚ್ಚು ಹಿಡಿಸಿತು. ಅತ್ತೆಯಾಗುವವರಿಗೆ ತಾನೇ ಫೋನ್ ಮಾಡಿ, "ಅತ್ತೆ, ಶಾಸ್ತ್ರದ ದಿನ ಯಾರಾದ್ರೂ ಕೇಳಿದ್ರೆ 40 ಸೆಂಟು ಅಂತ್ಲೇ ಹೇಳ್ಬಿಡಿ, ನಾನೂ ಹಂಗೇ ಹೇಳ್ತೀನಿ" ಅಂದಳು. ಆ ಕಡೆಯಿಂದ ಒಂದು ಗಳಿಗೆ ಸದ್ದಿಲ್ಲ. ಆಮೇಲೆ, "ಆಯ್ತಮ್ಮ, ಕೇಳಿದ್ರೆ ಹೇಳೋಣ" ಅಂದರಂತೆ. ಆ "ಕೇಳಿದ್ರೆ" ಅನ್ನುವುದರಲ್ಲಿ ಸ್ವಲ್ಪ ಮೈಸೂರು ಇತ್ತು ಅನ್ನುತ್ತಾಳೆ ಇವಳು.

ಹುಡುಗ ತನಗೆ ಕಲ್ಲು ಬೇಡ, ಬರೀ ಚಿನ್ನದ್ದು ಸಾಕು ಅಂದಿದ್ದಾನೆ. 6 ಗ್ರಾಮೋ 8 ಗ್ರಾಮೋ ಅಂತ ತಮ್ಮ ಇನ್ನೂ ಲೆಕ್ಕ ಹಾಕುತ್ತಾ ಇದ್ದಾನೆ. ಭತ್ತ ಇನ್ನೂ ಮಾರಿಲ್ಲ.