ಶರೀರ, ಶಾರೀರ, ಶಾರೀರಕ

ಹಾಸನದಿಂದ ಅರಸೀಕೆರೆಯ ದಿಕ್ಕಿಗೆ ಸುಮಾರು 10 ಕಿಲೋಮೀಟರ್ ಹೋದರೆ ಸಿಕ್ಕುವ ಕೊರವಂಗಲದಲ್ಲಿ, ಹೊಯ್ಸಳ ಇಮ್ಮಡಿ ವೀರಬಲ್ಲಾಳನು ಪಟ್ಟಕ್ಕೆ ಬಂದ 1173ರಲ್ಲಿ ಅವನ ಅಧಿಕಾರಿಯಾದ ಬೂಚಿರಾಜನು ಕಟ್ಟಿಸಿದ ಬೂಚೇಶ್ವರನ ಗುಡಿಯುಂಟು. ಬೂಚಿರಾಜನ ಸಹೋದರರು ಕಟ್ಟಿಸಿದ ಗೋವಿಂದೇಶ್ವರ, ನಾಕೇಶ್ವರಗಳು ಕಾಲಕ್ಕೆ ಮಣಿದು ಶಿಥಿಲವಾದುವು, ಇದೊಂದು ನಿಂತಿದೆ. ಬೇಲೂರು ಹಳೇಬೀಡುಗಳ ವೈಭವವನ್ನು ಕಂಡು ಬಂದ ಕಣ್ಣಿಗೆ ಇದು ಸಣ್ಣದಾಗಿ ತೋರಬಹುದಾದರೂ ಇದರ ವಿನ್ಯಾಸದಲ್ಲಿ ಒಂದು ಅಪರೂಪದ ಭಾವವಿದೆ. ಇದು ದ್ವಿಕೂಟ. ಪಶ್ಚಿಮದ ಗರ್ಭಗೃಹದಲ್ಲಿ ಪೂರ್ವಾಭಿಮುಖನಾದ ಶಿವ. ಪೂರ್ವದ ಗರ್ಭಗೃಹದಲ್ಲಿ ಅವನಿಗೆ ಎದುರಾಗಿ ಸೂರ್ಯ. ನಡುವಣ ಮಂಟಪದಲ್ಲಿ ಯಾರು ಹಾಡಲಿ, ಯಾರು ಕುಣಿಯಲಿ, ಅಥವಾ ಕೆಲಸವಿಲ್ಲದೆ ಆಕಳಿಸುತ್ತ ಕೂತಿರಲಿ, ಒಂದು ಕಡೆಯಿಂದ ಶಿವನ, ಇನ್ನೊಂದು ಕಡೆಯಿಂದ ನಮ್ಮ ಹಿರಿಯರು ಕರ್ಮಸಾಕ್ಷಿಯೆಂದು ಕರೆದ ಸೂರ್ಯನ ದೃಷ್ಟಿಗೆ ಬೀಳದೆ ಇರುವಂತಿಲ್ಲ.

ರಾಗಿಯ ಕೊಯ್ಲು ಮುಗಿದಿದ್ದ ಒಂದು ಭಾನುವಾರ, ಹಾಸನದ ಕಾಲೇಜೊಂದರಲ್ಲಿ ಓದುತ್ತಿರುವ ನಮ್ಮ ಬಂಧುಗಳ ಮೊಮ್ಮಗಳು ತನ್ನ ನಾಲ್ವರು ಸಹಪಾಠಿಗಳೊಡನೆ ಅಲ್ಲಿಗೆ ಹೊರಟಾಗ, ಗುಡಿಯನ್ನು ಮತ್ತೊಮ್ಮೆ ನೋಡುವ ಆಸೆಯಿಂದ ನಾನೂ ಜೊತೆಗೂಡಿದೆನು. ಕಾಲೇಜಿನ ಸ್ಪರ್ಧೆಯೊಂದಕ್ಕೆ ದಾಸರ ಪದವೊಂದರ ಮ್ಯೂಸಿಕ್ ವಿಡಿಯೋ ಮಾಡುವುದು ಅವರ ಉದ್ದೇಶ. ಗುಡಿಯು ಪುರಾತತ್ತ್ವ ಇಲಾಖೆಯ ಸಂರಕ್ಷಣೆಗೆ ಒಳಪಟ್ಟುದರಿಂದ ಅನುಮತಿಯಿಲ್ಲದೆ ಒಳಗೆ ಟ್ರೈಪಾಡ್ ಊರುವಂತಿಲ್ಲ. ಆದುದರಿಂದ ಮಕ್ಕಳು ಹೊರಗಡೆ ಕೂಳೆ ಉಳಿದ ಹೊಲದ ಬದುವಿನ ಮೇಲೆ ತಮ್ಮ ರಂಗವನ್ನು ಹೂಡಿದರು. ಹಾಡು ಅಲ್ಲಿಯೇ ಹುಟ್ಟುವುದೆಂದು ನಾನು ತಿಳಿದಿದ್ದೆನು, ಆದರೆ ಅದು ಆಗಲೇ ಹುಟ್ಟಿಯಾಗಿತ್ತು. ಹಿಂದಿನ ವಾರವೇ ಹಾಸ್ಟೆಲಿನ ಕೋಣೆಯೊಂದರಲ್ಲಿ, ಗೋಡೆಯ ಮಾರ್ದನಿ ಸೇರದಿರಲೆಂದು ನಾಲ್ಕೂ ಕಡೆ ಕಂಬಳಿ ಕಟ್ಟಿ, ಕಿವಿಗೆ ಇಯರ್‌ಫೋನ್ ಸಿಕ್ಕಿಸಿಕೊಂಡು, ಈ ಹುಡುಗಿ 17 ಸಲ ಹಾಡಿದ್ದಳು. ಒಂದು ಸಲದ ಪಲ್ಲವಿ, ಮತ್ತೊಂದು ಸಲದ ಚರಣ ಎಂದು ಆಯ್ದು ಹೊಂದಿಸಿ, ತಂಬೂರಿಯನ್ನು ಒಂದು ಆ್ಯಪಿನಿಂದಲೂ ಮೃದಂಗವನ್ನು ಇನ್ನೊಂದರಿಂದಲೂ ತಂದು ಕೂಡಿಸಿ, ಮೇಲಿನ ಷಡ್ಜವನ್ನು ಮುಟ್ಟಲಾರದೆ ಎಲ್ಲ ಸಲವೂ ಸ್ವಲ್ಪ ಕೆಳಗೇ ನಿಂತಿದ್ದ ಅವಳ ದನಿಯನ್ನು ಆ ಒಂದು ಜಾಗದಲ್ಲಿ ಆಟೋಟ್ಯೂನಿನಿಂದ ಮೇಲಕ್ಕೆತ್ತಿ ನಿಲ್ಲಿಸಿದ್ದರು. ಈಗ ಬದುವಿನ ಮೇಲೆ ಸ್ಪೀಕರಿನಿಂದ ಆ ಹಾಡು ಬರುತ್ತಿತ್ತು; ಹುಡುಗಿ ತುಟಿಯಾಡಿಸುತ್ತಿದ್ದಳು. ನಡುವೆ ವಿರಾಮ ದೊರೆತಾಗ ಅವಳು ನನ್ನ ಬಳಿಗೆ ಬಂದು ಮೊಬೈಲಿನ ಪರದೆಯನ್ನು ತೋರಿಸಿ ಕೇಳಿದಳು: “ತಾತ, ಇದರಲ್ಲಿ ಹಾಡ್ತಿರೋದು ನಾನೇ ತಾನೇ?”

ತಮಾಷೆಗೆಂದು ಕೇಳಿದ ಮಾತದು. ನಾನೂ ನಕ್ಕು, “ಇನ್ಯಾರಮ್ಮ?” ಎಂದೆನು. ಆದರೆ ಆ ಉತ್ತರ ನನ್ನ ಬಾಯಿಂದ ಎಷ್ಟು ಸುಲಭವಾಗಿ ಬಂದಿತೋ ಅಷ್ಟು ಸುಲಭವಾಗಿ ಮನಸ್ಸಿಗೆ ಒಪ್ಪಿಗೆಯಾಗಲಿಲ್ಲ.

ಯಂತ್ರವು ನಡುವೆ ಬಂದುದರಿಂದಲೇ ಭಕ್ತಿ ಕೆಟ್ಟಿತೆಂದು ತೀರ್ಪು ಕೊಡುವ ಹಿರಿಯರುಂಟು. ಅಂಥವರು ಹೊಯ್ಸಳರ ಕಾಲದ ಗುಡಿಗಳ ಕಂಬಗಳನ್ನು ಒಮ್ಮೆ ಕೈಯಿಂದ ಸವರಿ ನೋಡಬೇಕು. ಬಳಪದ ಕಲ್ಲನ್ನು ತಿರುಗಣಿಗೆ ಕೊಟ್ಟು ಕಡೆದು, ಮೈಮೇಲೆ ನೆರಳು ಮೂಡುವಷ್ಟು ನುಣುಪು ಮಾಡಿದ ಆ ಕಂಬಗಳಲ್ಲಿ ಉಳಿಯ ಪಾಲಿಗಿಂತ ಯಂತ್ರದ ಪಾಲು ಕಡಮೆಯೇನಲ್ಲ. ಅವುಗಳಿಂದ ಶಿವನಿಗೆ ಕೊರತೆಯಾಯಿತೆಂದು ಯಾರೂ ಹೇಳಲಿಲ್ಲ. ಚನ್ನರಾಯಪಟ್ಟಣದ ಸೀಮೆಯ ನುಗ್ಗೇಹಳ್ಳಿಯಲ್ಲಿ 1246ರ ಲಕ್ಷ್ಮೀನರಸಿಂಹ ದೇವಾಲಯದ ವಿಗ್ರಹಗಳ ಅಡಿಯಲ್ಲಿ ಬೈಚೋಜ, ಮಲ್ಲಿತಮ್ಮ ಎಂದು ಶಿಲ್ಪಿಗಳು ತಮ್ಮ ಹೆಸರನ್ನು ಕೊರೆದಿದ್ದಾರೆ. ಸಾಧನ ಯಾವುದಾದರೇನು, ಇದರ ಸೊಗಸಿಗೂ ಸೋಲಿಗೂ ನಾನು ಹೊಣೆಯೆಂದು ಹೇಳುವವನೊಬ್ಬನು ಇದ್ದನೆಂಬುದೇ ಆ ಅಕ್ಷರಗಳ ಅರ್ಥ. ಹುಡುಗಿ ಕೇಳಿದ್ದೂ ಸಾಧನದ ವಿಷಯವನ್ನಲ್ಲ. ಆ ‘ನಾನು’ ಎಂಬುದರ ವಿಷಯವನ್ನು.

ಕನ್ನಡವು ಈ ಪ್ರಶ್ನೆಯನ್ನು ತನ್ನ ಶಬ್ದಭಂಡಾರದಲ್ಲಿಯೇ ಇಟ್ಟುಕೊಂಡಿದೆ. ಮೈಗೆ ಶರೀರವೆನ್ನುತ್ತೇವೆ, ಹಾಡುವ ಕಂಠಕ್ಕೆ ಶಾರೀರವೆನ್ನುತ್ತೇವೆ. ಹದಿಮೂರನೆಯ ಶತಮಾನದಲ್ಲಿ ದೇವಗಿರಿಯ ಯಾದವರ ಆಶ್ರಯದಲ್ಲಿ ‘ಸಂಗೀತರತ್ನಾಕರ’ವನ್ನು ಬರೆದ ಶಾರ್ಙ್ಗದೇವನು, ಅಭ್ಯಾಸವಿಲ್ಲದೆಯೂ ರಾಗವನ್ನು ವ್ಯಕ್ತಪಡಿಸಬಲ್ಲ ದನಿಯ ಶಕ್ತಿಯು ಶರೀರದೊಡನೆಯೇ ಹುಟ್ಟಿಬರುವುದರಿಂದ ಅದಕ್ಕೆ ಶಾರೀರವೆಂದು ಹೆಸರಾಯಿತೆಂದು ವಿವರಿಸುತ್ತಾನೆ. ಸಂಗೀತಶಾಸ್ತ್ರವನ್ನು ಹೇಳಹೊರಟವನು ಮೊದಲ ಅಧ್ಯಾಯದಲ್ಲಿಯೇ ಗರ್ಭದಲ್ಲಿ ಪಿಂಡವು ಬೆಳೆಯುವ ಬಗೆಯನ್ನು ವರ್ಣಿಸುವುದು ಇಂದಿನ ಓದುಗನಿಗೆ ವಿಚಿತ್ರವೆನಿಸೀತು. ಆದರೆ ದನಿಯೆಂಬುದು ಮೈಯ ಮಗುವೆಂದು ನಂಬಿದವನಿಗೆ ಬೇರೆ ಆರಂಭವು ಸಾಧ್ಯವಿರಲಿಲ್ಲ.

ಆ ಮಗುವನ್ನು ತಾಯಿಯಿಂದ ಅಗಲಿಸಿ ಗ್ರಾಮಫೋನ್ ತಟ್ಟೆಗೆ ಇಳಿಸುವ ಕೆಲಸ ನಮ್ಮ ದೇಶದಲ್ಲಿ 1902ರಲ್ಲಿ ಕಲ್ಕತ್ತೆಯಲ್ಲಿ ಮೊದಲಾಯಿತು. ಗ್ರಾಮಫೋನಿನವರು ಬಂದು ಗೌಹರ್ ಜಾನಳ ಹಾಡನ್ನು ಮುದ್ರಿಸಿಕೊಂಡರು. ಆಕೆ ಹಾಡಿನ ಕೊನೆಯಲ್ಲಿ ತನ್ನ ಹೆಸರನ್ನು ಇಂಗ್ಲಿಷಿನಲ್ಲಿ ಕೂಗಿ ಹೇಳುತ್ತಿದ್ದಳು. ದೂರದ ಜರ್ಮನಿಯಲ್ಲಿ ತಟ್ಟೆಗಳನ್ನು ಅಚ್ಚುಹಾಕುವವರಿಗೆ ಗುರುತು ಸಿಕ್ಕಲೆಂಬುದು ಅದರ ವ್ಯಾವಹಾರಿಕ ಕಾರಣ. ನನಗಾದರೋ ಅದು, ಮೈಯನ್ನು ಬಿಟ್ಟು ಹೊರಟ ದನಿಯೊಂದು ತಾನು ಯಾರ ಮನೆಯದೆಂಬುದನ್ನು ಮರೆಯದಿರಲೆಂದು ಉಚ್ಚರಿಸಿದ ವಿಳಾಸದಂತೆ ಕೇಳಿಸುತ್ತದೆ. ಆಕೆಯ ಶರೀರವು 1930ರಲ್ಲಿ ನಮ್ಮ ಮೈಸೂರಿನಲ್ಲಿ ಬಿದ್ದುಹೋಯಿತು; ಶಾರೀರವು ಇನ್ನೂ ತನ್ನ ಹೆಸರನ್ನು ಹೇಳುತ್ತಿದೆ. ಮುಂದೆ ಚಲನಚಿತ್ರವು ಒಬ್ಬರ ಮೈಗೆ ಇನ್ನೊಬ್ಬರ ದನಿಯನ್ನು ತೊಡಿಸಿತು. ಪಿ. ಬಿ. ಶ್ರೀನಿವಾಸರು ಶಾರೀರ, ತಾವು ಬರಿಯ ಶರೀರವೆಂದು ರಾಜಕುಮಾರರು ಹೇಳುತ್ತಿದ್ದುದು ಕನ್ನಡಿಗರೆಲ್ಲರಿಗೂ ತಿಳಿದದ್ದೇ. 1974ರ ‘ಸಂಪತ್ತಿಗೆ ಸವಾಲ್’ ಚಿತ್ರದ ಅನಂತರ ಅವರು ಹೆಚ್ಚಾಗಿ ತಾವೇ ಹಾಡತೊಡಗಿದರೂ, ಆ ಮಾತಿನ ವಿನಯವು ಹಳತಾಗಲಿಲ್ಲ. ಎರವಲು ದನಿಯನ್ನು ಎರವಲೆಂದು ಒಪ್ಪಿಕೊಂಡಲ್ಲಿ ಅಸತ್ಯವಿಲ್ಲ.

ಆದರೆ ನಮ್ಮ ಹುಡುಗಿಯ ದನಿಯನ್ನು ಬೇರೆ ಯಾರೂ ಎರವಲು ಕೊಟ್ಟಿರಲಿಲ್ಲ. ಅವಳ ದನಿಯನ್ನೇ ಅವಳು ಮುಟ್ಟದ ಎತ್ತರಕ್ಕೆ ಏರಿಸಿ ಅವಳಿಗೇ ಹಿಂದಿರುಗಿಸಲಾಗಿತ್ತು. 1997ರಲ್ಲಿ ಆಟೋಟ್ಯೂನನ್ನು ಹೊರತಂದ ಆ್ಯಂಡಿ ಹಿಲ್ಡೆಬ್ರಾಂಡ್ ಎಂಬ ಅಮೆರಿಕದ ವಿಜ್ಞಾನಿ, ಅದಕ್ಕೆ ಮೊದಲು, ನೆಲದೊಳಕ್ಕೆ ಶಬ್ದತರಂಗಗಳನ್ನು ಕಳುಹಿಸಿ ಅವುಗಳ ಮರುದನಿಯನ್ನು ಗಣಿತದಿಂದ ಓದಿ ಎಣ್ಣೆಯ ನೆಲೆಯನ್ನು ಹುಡುಕುವ ವಿದ್ಯೆಯಲ್ಲಿ ದುಡಿದವನು. ಅದೇ ಬಗೆಯ ಗಣಿತವು ಕಂಠದ ಸ್ಥಾಯಿಯನ್ನು ಅಳೆದು ತಿದ್ದುವುದಕ್ಕೂ ಒದಗಿತು. ಅದು ದನಿಯನ್ನು ಆಲಿಸಿ, ಹತ್ತಿರದ ಸ್ವರಸ್ಥಾನ ಯಾವುದೆಂದು ಗುಣಿಸಿ, ಅಲ್ಲಿಗೆ ಅದನ್ನು ಎಳೆದು ಕೂರಿಸುತ್ತದೆ. ಇಲ್ಲಿ ನಮ್ಮ ಸಂಗೀತಕ್ಕೆ ಒಂದು ಸೂಕ್ಷ್ಮವಾದ ಸಂಕಟವುಂಟು. ತೋಡಿಯ ಗಾಂಧಾರವು ಒಂದೆಡೆ ನಿಲ್ಲದೆ ತೂಗಾಡುವುದರಿಂದಲೇ ತೋಡಿಯ ಗಾಂಧಾರವಾಗುತ್ತದೆ. ಸಪ್ತಕವನ್ನು ಹನ್ನೆರಡು ಮನೆಗಳಾಗಿ ಬಿಗಿದಿಟ್ಟುಕೊಂಡ ಯಂತ್ರಕ್ಕೆ ಆ ಗಮಕವು ಅಪಸ್ವರವೆಂದೇ ತೋರುತ್ತದೆ. ಎಷ್ಟು ತಿದ್ದಬೇಕು, ಎಲ್ಲಿ ಸುಮ್ಮನಿರಬೇಕು ಎಂಬುದನ್ನು ಕಿವಿಯುಳ್ಳ ಮನುಷ್ಯನೇ ಅದಕ್ಕೆ ಹೇಳಿಕೊಡಬೇಕು. ಹೀಗೆ ದೋಷವನ್ನು ಗುಣದಿಂದ ಬೇರ್ಪಡಿಸುವ ವಿವೇಕವು, ಎಷ್ಟು ಸುತ್ತಿ ಬಂದರೂ, ಕೊನೆಗೆ ಕೇಳುವವನ ಬಾಗಿಲಲ್ಲಿಯೇ ನಿಲ್ಲುತ್ತದೆ.

ಈ ಕೇಳುವವನು, ನೋಡುವವನು ಯಾರು? ಎಡಿಟಿಂಗಿಗೆಂದು ಪರದೆಯ ಮೇಲೆ ಹರಡಿದ್ದ ಆ ವಿಡಿಯೋವನ್ನು ನೋಡಿದಾಗ ನನಗೆ ಬೌದ್ಧರ ಕ್ಷಣಭಂಗವಾದವು ನೆನಪಾಯಿತು. ಸೆಕೆಂಡಿಗೆ 25 ಅಥವಾ 30 ನಿಶ್ಚಲ ಚಿತ್ರಗಳು, ಧ್ವನಿಯಾದರೆ 48,000 ತುಣುಕುಗಳು; ಒಂದಕ್ಕೊಂದು ಸಂಬಂಧವಿಲ್ಲ, ಒಂದು ಅಳಿಯುತ್ತಲೇ ಇನ್ನೊಂದು ಹುಟ್ಟುತ್ತದೆ, ಹರಿವೆಂಬುದು ನಮ್ಮ ಭ್ರಮೆ. ಇದಕ್ಕೆ ಶಂಕರರು ತಮ್ಮ ಬ್ರಹ್ಮಸೂತ್ರಭಾಷ್ಯದಲ್ಲಿ ಕೊಟ್ಟ ಉತ್ತರವೂ ಜೊತೆಯಲ್ಲಿಯೇ ನೆನಪಾಯಿತು: ನಿನ್ನೆ ಕಂಡ ನಾನೇ ಇಂದು ಅದನ್ನು ಸ್ಮರಿಸುತ್ತಿದ್ದೇನೆಂಬ ಪ್ರತ್ಯಭಿಜ್ಞೆಯು, ನೋಡುವವನೂ ಕ್ಷಣಿಕನಾಗಿದ್ದರೆ ಉಂಟಾಗಲಾರದು. ಬಿಡಿಬಿಡಿಯಾದ ಚಿತ್ರಗಳು ಹಾಡಾಗುವುದು ಬಿಡಿಯಾಗದ ಒಬ್ಬನ ಮುಂದೆ. ಆ ಸೂತ್ರಗ್ರಂಥಕ್ಕೆ ಶಾರೀರಕ ಮೀಮಾಂಸೆಯೆಂಬ ಹೆಸರೂ ಉಂಟು. ಶಾರೀರಕನೆಂದರೆ ಶರೀರದಲ್ಲಿ ನೆಲಸಿರುವವನು. ಶರೀರದಿಂದ ಹುಟ್ಟಿದ್ದು ಶಾರೀರವಾದರೆ ಶರೀರದಲ್ಲಿದ್ದು ಅದನ್ನು ಬಲ್ಲವನು ಶಾರೀರಕ. ವಿದ್ಯಾರಣ್ಯರ ಹೆಸರಿನಲ್ಲಿ ಪ್ರಸಿದ್ಧವಾದ ‘ಪಂಚದಶಿ’ಯ ಹತ್ತನೆಯ ಪ್ರಕರಣಕ್ಕೆ ನಾಟಕದೀಪವೆಂದೇ ಹೆಸರು: ಅಹಂಕಾರವು ನೃತ್ಯಶಾಲೆಯ ಯಜಮಾನ, ವಿಷಯಗಳು ಸಭಿಕರು, ಬುದ್ಧಿಯು ನರ್ತಕಿ, ಇಂದ್ರಿಯಗಳು ತಾಳ ಹಾಕುವವರು, ಇವರೆಲ್ಲರನ್ನೂ ಭೇದವಿಲ್ಲದೆ ಬೆಳಗುತ್ತ, ಎಲ್ಲರೂ ಎದ್ದುಹೋದ ಮೇಲೆಯೂ ಬೆಳಗುತ್ತಲೇ ಇರುವ ದೀಪವು ಸಾಕ್ಷಿ.

ಹಾಗಾದರೆ ಹುಡುಗಿಗೆ, “ಹಾಡಿದವಳು ನೀನಲ್ಲ, ನೀನು ದೀಪ” ಎಂದು ಹೇಳಿಬಿಡಬಹುದಾಗಿತ್ತು. ಶಾಸ್ತ್ರದಲ್ಲಿ ಅದು ಸಲ್ಲುವ ಮಾತು. ಬದುವಿನ ಮೇಲೆ ಬೆವರುತ್ತ ನಿಂತವಳಿಗೆ ಅದು ಜಾರಿಕೊಳ್ಳುವ ಮಾತು. ದೀಪವು ನಿರ್ಲಿಪ್ತವೆಂಬ ಕಾರಣದಿಂದ ನರ್ತಕಿಯು ಹೆಜ್ಜೆ ತಪ್ಪಬಹುದೆಂದು ಪಂಚದಶಿ ಹೇಳುವುದಿಲ್ಲ. ಹಾಡಿದ್ದು ದೇವರ ಪದ. ದೇವರಿಗೆ ಒಪ್ಪಿಸುವ ವಸ್ತುವಿನಲ್ಲಿ ತನ್ನದಲ್ಲದ ಎತ್ತರವೊಂದು ಸೇರಿದರೆ ಆ ಸಮರ್ಪಣೆ ಏನಾಯಿತು?

ನನಗೆ ತೋರುವುದಿಷ್ಟು. ತಿದ್ದುವುದು ಕೇಳುಗರಿಗಾಗಿ. ಅತಿಥಿಯ ಮುಂದಿಡುವ ಅಕ್ಕಿಯಲ್ಲಿ ಕಲ್ಲನ್ನು ಆರಿಸುವಂತೆ ಅದೊಂದು ಸೌಜನ್ಯ; ಅಕ್ಕಿಯಲ್ಲಿ ಕಲ್ಲೇ ಇರಲಿಲ್ಲವೆಂದು ಹೇಳಿಕೊಂಡಾಗ ಮಾತ್ರ ಅದು ಸುಳ್ಳಾಗುತ್ತದೆ. ಇನ್ನು ದೇವರ ಮಾತು. ಕೊರವಂಗಲದ ಎರಡು ಗರ್ಭಗೃಹಗಳ ನಡುವೆ ಎಡಿಟಿಂಗಿಗೆ ಸ್ಥಳವಿಲ್ಲ. ಸಭಿಕನು ನೋಡುವುದು ಆಯ್ದು ಜೋಡಿಸಿದ ಮೂರು ನಿಮಿಷಗಳನ್ನು; ಕರ್ಮಸಾಕ್ಷಿಯಾದರೋ ಕಂಬಳಿ ಕಟ್ಟಿದ ಕೋಣೆಯ 17 ಸಲಗಳನ್ನೂ, ನಡುವಿನ ಕೆಮ್ಮನ್ನೂ, ಹತ್ತನೆಯ ಸಲದ ಸಿಟ್ಟನ್ನೂ ಕಂಡಿದ್ದಾನೆ. ಅವನಿಗೆ ಸಲ್ಲಬೇಕಾದುದು ಆಗಲೇ ಸಂದಿದೆ. ಆಮೇಲೆ ಪರದೆಯ ಮೇಲೆ ಏರಿಸಿದ ಷಡ್ಜದಿಂದ ಅದಕ್ಕೆ ಕೂಡಿದ್ದೂ ಇಲ್ಲ, ಕಳೆದದ್ದೂ ಇಲ್ಲ.

ಸಂಜೆ ಹಾಸನದ ಬಸ್ಸಿಗೆ ಕಾಯುತ್ತಿರುವಾಗ ಹುಡುಗಿಯ ಮೊಬೈಲಿನಲ್ಲಿ ಜಾಗ ಮುಗಿದುಹೋಗಿ, ಅವಳು ಹಳೆಯ ಟೇಕುಗಳನ್ನು ಒಂದೊಂದಾಗಿ ಅಳಿಸುತ್ತ ಕೂತಳು. ನನಗೆ ಮೀಮಾಂಸಕರ ನೆನಪಾಯಿತು. ಯಾಗವು ನಡೆದ ಗಳಿಗೆಯಲ್ಲಿಯೇ ಮುಗಿದುಹೋಗುತ್ತದೆ, ಫಲವು ಎಂದೋ ಬರುತ್ತದೆ. ನಡುವಣ ಬರಿದಾದ ಕಾಲವನ್ನು ದಾಟಿಸುವುದು ಯಾವುದೆಂದು ಕೇಳಿದರೆ ಅವರು, ಮಾಡಿದ ಕರ್ಮವು ಅಳಿದರೂ ಅದರಿಂದ ಹುಟ್ಟಿದ ಕಾಣದ ಶಕ್ತಿಯೊಂದು ಉಳಿಯುತ್ತದೆಂದು ಹೇಳಿ ಅದಕ್ಕೆ ಅಪೂರ್ವವೆಂದು ಹೆಸರಿಟ್ಟರು. ಸ್ಪರ್ಧೆಗೆ ಹೋಗುವ ಹಾಡಿನಲ್ಲಿ ಷಡ್ಜವನ್ನು ಮುಟ್ಟಿದ್ದು ಯಂತ್ರ; ಆದರೆ 17 ಸಲ ಅದರ ಕಡೆಗೆ ಕೈಚಾಚಿದ್ದು ಒಂದು ಕಂಠ, ಆ ಚಾಚುವಿಕೆಯನ್ನು ಅಳಿಸುವ ಗುಂಡಿಯು ಯಾವ ಮೊಬೈಲಿನಲ್ಲಿಯೂ ಇಲ್ಲ.

ಬಸ್ಸು ಬಂದಿತು. ಕಿಟಕಿಯ ಪಕ್ಕದಲ್ಲಿ ಕೂತ ಹುಡುಗಿ, ತಾನು ಹಾಡುತ್ತಿರುವೆನೆಂಬುದನ್ನೇ ಮರೆತವಳಂತೆ, ಅದೇ ಪದವನ್ನು ಗುನುಗತೊಡಗಿದಳು. ಮೇಲಿನ ಷಡ್ಜದ ಜಾಗ ಬಂದಾಗ ನಾನು ಕಿವಿಗೊಟ್ಟೆನು. ಚಾಲಕನು ಗೇರು ಬದಲಿಸಿದನು. ಆ ಸದ್ದಿನಲ್ಲಿ ಅವಳು ಅದನ್ನು ಮುಟ್ಟಿದಳೋ ಇಲ್ಲವೋ ನನಗೆ ಕೇಳಿಸಲಿಲ್ಲ.