ಕೃತಜ್ಞತೆಯೂ ಆತ್ಮತೃಪ್ತಿಯೂ

‘ಕೃತಜ್ಞ’ ಎಂಬ ಶಬ್ದಕ್ಕೆ ‘ಮಾಡಿದುದನ್ನು ಅರಿತವನು’ ಎಂದರ್ಥ. ಆದುದರಿಂದ ಕೃತಜ್ಞತೆಯು ಮೊದಲು ಒಂದು ಅರಿವು. ಹರ್ಷವು ಅದನ್ನು ಹಿಂಬಾಲಿಸಬಹುದು, ಹಿಂಬಾಲಿಸದೆಯೂ ಇರಬಹುದು. ಕೃತಘ್ನತೆಯನ್ನು ನಮ್ಮ ಪ್ರಾಚೀನರು ಪ್ರಾಯಶ್ಚಿತ್ತವಿಲ್ಲದ ದೋಷವೆಂದು ಎಣಿಸಿದುದು ಈ ಅರಿವಿನ ಮಹತ್ತ್ವವನ್ನು ಬಲ್ಲವರಾಗಿಯೇ. ಕ್ರೈಸ್ತಧರ್ಮವಾದರೋ ಈ ಗುಣವನ್ನು ನಿತ್ಯಕರ್ಮದಂತೆ ವಿಧಿಸಿದೆ. ಏಳುವಾಗ, ಉಣ್ಣುವಾಗ, ಮಲಗುವಾಗ ದೇವರಿಗೆ ವಂದನೆ ಸಲ್ಲಿಸುವುದು ಶ್ರದ್ಧಾವಂತ ಕ್ರೈಸ್ತ ಗೃಹಸ್ಥರ ಪದ್ಧತಿ. ಅವರ ಮುಖ್ಯ ಸಂಸ್ಕಾರಕ್ಕಿರುವ ‘ಯೂಕರಿಸ್ತ್’ ಎಂಬ ಗ್ರೀಕ್ ಮೂಲದ ಹೆಸರಿಗೂ ಕೃತಜ್ಞತಾಸಮರ್ಪಣವೆಂದೇ ಅರ್ಥ.

ಆದರೆ ನಿತ್ಯವೂ ಉಚ್ಚರಿಸುವ ವಂದನೆಯಲ್ಲಿ ಒಂದು ಅಪಾಯವುಂಟು. ಲೂಕನ ಸುವಾರ್ತೆಯ ಹದಿನೆಂಟನೆಯ ಅಧ್ಯಾಯದಲ್ಲಿ ದೇವಾಲಯಕ್ಕೆ ಹೋದ ಇಬ್ಬರ ದೃಷ್ಟಾಂತವಿದೆ. ಅವರಲ್ಲಿ ಫರಿಸಾಯನು ತಾನು ಉಳಿದವರಂತೆ ಪಾಪಿಯಲ್ಲವೆಂದು ದೇವರಿಗೆ ಕೃತಜ್ಞತೆಯನ್ನು ಹೇಳಿಕೊಳ್ಳುತ್ತಾನೆ. ಸುಂಕದವನು ಕಣ್ಣೆತ್ತಲಾರದೆ ದಯೆಯನ್ನು ಬೇಡುತ್ತಾನೆ. ನೀತಿವಂತನೆನಿಸಿಕೊಂಡು ಮನೆಗೆ ಮರಳಿದವನು ಎರಡನೆಯವನೇ. ಮೊದಲನೆಯವನ ಬಾಯಲ್ಲಿ ಕೃತಜ್ಞತೆಯ ಮಾತಿತ್ತು, ಮನಸ್ಸಿನಲ್ಲಿ ಆತ್ಮತೃಪ್ತಿಯಿತ್ತು.

ಈ ಅಪಾಯವು ಗ್ರಂಥದಲ್ಲಿ ಮಾತ್ರ ಇರುವುದಲ್ಲ. 2023ನೆಯ ಇಸವಿ ಅಕ್ಟೋಬರ್ 7ರಂದು ನಮ್ಮ ಅತ್ತಿಬೆಲೆಯ ಪಟಾಕಿ ಮಳಿಗೆಯೊಂದಕ್ಕೆ ಬೆಂಕಿ ಬಿದ್ದು, ಹತ್ತಕ್ಕೂ ಹೆಚ್ಚು ಮಂದಿ ಅಸುನೀಗಿದರು. ಅವರಲ್ಲಿ ಅನೇಕರು ತಮಿಳುನಾಡಿನಿಂದ ದೀಪಾವಳಿಯ ಮುಂಚಿನ ಕೆಲಸಕ್ಕೆಂದು ಬಂದಿದ್ದ ಎಳೆಯರು. ಆ ದಿನ ಹೊಸೂರು ರಸ್ತೆಯಲ್ಲಿ ಹಾದುಹೋಗಿ ಕ್ಷೇಮವಾಗಿ ಮನೆ ಸೇರಿದವನೊಬ್ಬನು ‘ದೇವರು ನನ್ನನ್ನು ಉಳಿಸಿದನು’ ಎಂದು ಕೈಮುಗಿದಿದ್ದರೆ ಅದು ಸಹಜವೇ. ಆದರೆ ಮಡಿದ ಹುಡುಗನ ತಾಯಿ ಆ ಮಾತನ್ನು ಕೇಳಿದ್ದರೆ? ‘ಹಾಗಾದರೆ ನನ್ನ ಮಗನನ್ನು ಏಕೆ ಉಳಿಸಲಿಲ್ಲ?’ ಎಂಬ ಪ್ರಶ್ನೆಗೆ ಅವನು ಏನು ಹೇಳಿಯಾನು?

ಇಲ್ಲಿ ವ್ಯಾಕರಣವು ನಮಗೆ ನೆರವಾಗುತ್ತದೆ. ಪೌಲನು ಥೆಸಲೋನಿಕದವರಿಗೆ ಬರೆದ ಮೊದಲನೆಯ ಪತ್ರಿಕೆಯಲ್ಲಿ ವಿಧಿಸಿರುವುದು ‘ಎಲ್ಲದರಲ್ಲಿ’ ಕೃತಜ್ಞರಾಗಿರುವುದನ್ನು. ಅದು ನಮ್ಮ ಸಪ್ತಮಿಯ ಅರ್ಥ. ಗ್ರೀಕ್ ಮೂಲದಲ್ಲಿಯೂ ‘ಒಳಗೆ’ ಎಂಬರ್ಥದ ಪದವೇ ಇದೆ. ದುಃಖದ ನಡುವೆ ಇದ್ದುಕೊಂಡು ದೇವರನ್ನು ಮರೆಯದಿರುವುದು ಬೇರೆ, ದುಃಖವನ್ನೇ ಉಪಕಾರವೆನ್ನುವುದು ಬೇರೆ. ಎಫೆಸದವರಿಗೆ ಬರೆದ ಪತ್ರಿಕೆಯಲ್ಲಿ ‘ಎಲ್ಲದಕ್ಕಾಗಿ’ ಎಂಬ ಅರ್ಥವೂ ಇದೆಯಲ್ಲವೇ ಎಂದು ಆಕ್ಷೇಪಿಸಬಹುದು. ಇದೆ, ನಿಜ. ಆದರೆ ಆ ಮಾತನ್ನು ಯೇಸುವಿನ ಆಚರಣೆಯೊಡನೆ ಸೇರಿಸಿ ಓದಬೇಕು. ತಾನು ಹಿಡಿದುಕೊಡಲ್ಪಟ್ಟ ರಾತ್ರಿಯಲ್ಲಿಯೇ ಆತನು ರೊಟ್ಟಿಯನ್ನು ತೆಗೆದುಕೊಂಡು ದೇವರಿಗೆ ಕೃತಜ್ಞತೆಯನ್ನು ಸಲ್ಲಿಸಿದನು. ಆ ವಂದನೆಯು ರೊಟ್ಟಿಗಾಗಿ, ದ್ರೋಹಕ್ಕಾಗಿ ಅಲ್ಲ. ಬರಲಿದ್ದ ಸಂಕಟವನ್ನಾದರೋ, ಸಾಧ್ಯವಿದ್ದರೆ ದೂರಮಾಡೆಂದು ಅದೇ ರಾತ್ರಿ ತೋಟದಲ್ಲಿ ಬೇಡಿಕೊಂಡನು.

ಇನ್ನೊಂದು ವಿಷಯವೂ ಗಮನಾರ್ಹವಾದುದು. ವಂದಿಸಿದ ಮೇಲೆ ಆತನು ಆ ರೊಟ್ಟಿಯನ್ನು ತನಗೆಂದು ಇಟ್ಟುಕೊಳ್ಳಲಿಲ್ಲ, ಮುರಿದು ಹಂಚಿದನು. ಕೃತಜ್ಞತೆಗೂ ಆತ್ಮತೃಪ್ತಿಗೂ ಇರುವ ಭೇದವು ಇಲ್ಲಿ ಸ್ಪಷ್ಟವಾಗುತ್ತದೆ. ಈ ತತ್ತ್ವವು ನಮ್ಮ ನಾಡಿನ ಆಚಾರದಲ್ಲಿಯೂ ಇದೆ. ಮಂಗಳೂರಿನ ಕಥೋಲಿಕರು ಸೆಪ್ಟೆಂಬರ್ 8ರಂದು, ಮರಿಯಮ್ಮನವರ ಜನ್ಮದಿನದಲ್ಲಿ, ತೆನೆಹಬ್ಬವನ್ನು ಆಚರಿಸುತ್ತಾರೆ. ಚರ್ಚಿನಲ್ಲಿ ಆಶೀರ್ವದಿಸಲ್ಪಟ್ಟ ಹೊಸ ಭತ್ತದ ತೆನೆ ಮನೆಮನೆಗೂ ಹೋಗುತ್ತದೆ. ಅದರ ಕಾಳುಗಳನ್ನು ಬೆರೆಸಿದ ಹಾಲನ್ನೋ ಪಾಯಸವನ್ನೋ ಮನೆಯವರೆಲ್ಲರೂ ಕೂಡಿ ಸೇವಿಸುತ್ತಾರೆ. ದೂರದೇಶದಲ್ಲಿರುವ ಮಕ್ಕಳಿಗೂ ಕೆಲವು ಕಾಳುಗಳನ್ನು ಕಳುಹಿಸುವ ರೂಢಿಯುಂಟು. ಪಂಕ್ತಿಯಲ್ಲಿ ಇಲ್ಲದವನನ್ನು ನೆನೆಯದೆ ಆ ಊಟವು ಪೂರ್ಣವಾಗದು.

ಹಾಗಾದರೆ ಬೆಂಕಿಯ ದಿನ ಕ್ಷೇಮವಾಗಿ ಮನೆ ಸೇರಿದವನು ದೇವರನ್ನು ವಂದಿಸಬಾರದೇ? ಅಗತ್ಯವಾಗಿ ವಂದಿಸಬೇಕು, ಜೀವವು ತನ್ನ ಸಂಪಾದನೆಯಲ್ಲವೆಂಬ ಅರಿವು ಸತ್ಯವಾದುದು. ಆದರೆ ತಾನು ಆರಿಸಲ್ಪಟ್ಟವನು, ಸತ್ತವರು ತೊರೆಯಲ್ಪಟ್ಟವರು ಎಂದು ಅದಕ್ಕೆ ಸೇರಿಸತಕ್ಕದ್ದಲ್ಲ. ಆ ತಾಯಿಯ ಪ್ರಶ್ನೆಗೆ ಉತ್ತರವನ್ನು ಕಲ್ಪಿಸಿ ಹೇಳತಕ್ಕದ್ದೂ ಅಲ್ಲ. ಅವಳ ಬಳಿ ಮೌನವಾಗಿ ಕುಳಿತು, ತನ್ನಿಂದಾದ ನೆರವನ್ನು ನೀಡುವುದೇ ಅವನ ವಂದನೆಯ ಉತ್ತರಾರ್ಧ. ಸಂಕಟಪಡುವವನ ಎದುರಿನಲ್ಲಿ ಹೇಳಲು ನಾಚಬೇಕಾಗುವ ಕೃತಜ್ಞತೆಯನ್ನು ದೇವರ ಎದುರಿನಲ್ಲಿಯೂ ಹೇಳದಿರುವುದೇ ಲೇಸು.